ಕೂತ ಜಾಗ ಬಿಡದ ಪ್ರೋಟೀನು

ಕೃಷ್ಣಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮೂಳೆ ಬೆಳೆಸುವ ಔಷಧಿ ಬೋರ್‌ವೆಲ್ಲಿನಿಂದ ಪುಕ್ಕಟೆಯಾಗಿ ಬರುತ್ತಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಅದರ ಹೆಸರು ಫ್ಲೋರೈಡ್.

ಹೊಸೂರು, ತಳಿ, ಡೆಂಕಣಿಕೋಟೆಯ ಕಡೆಯಿಂದ ಹಿಡಿದು ಧರ್ಮಪುರಿಯವರೆಗೂ ನೆಲದಡಿ ಇರುವುದು ಗಟ್ಟಿ ಬಂಡೆ: ಗ್ರಾನೈಟ್, ನೈಸ್. ಈ ಕಲ್ಲುಗಳಲ್ಲಿರುವ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ಸಾವಕಾಶವಾಗಿ ನೀರಿಗಿಳಿಯುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ನಿಂತಷ್ಟೂ ಕಾಲ ಅದು ಸೇರುತ್ತಲೇ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಹತ್ತಿಪ್ಪತ್ತು ವರ್ಷ ಕುಡಿದವರ ಕತೆ ಹಲ್ಲಿನ ಕಂದು ಕಲೆಯಲ್ಲಿ ಶುರುವಾಗಿ ಬೆನ್ನುಮೂಳೆಯಲ್ಲಿ ಮುಗಿಯುತ್ತದೆ. ಕತ್ತು ತಿರುಗಿಸಲಾಗದು, ಬಗ್ಗಲಾಗದು, ಚಕ್ಕಳಮಕ್ಕಳ ಹಾಕಿ ಕೂರಲಾಗದು. ಎಕ್ಸ್‌ರೇ ತೆಗೆದರೆ ಮೂಳೆಗಳು ಅಚ್ಚ ಬಿಳಿಯಾಗಿ, ದಪ್ಪಗೆ ಕಾಣುತ್ತವೆ. ಕೀಲುಗಳನ್ನು ಬಿಗಿದಿಡುವ ನಾರುಗಳು ಕೂಡ ಮೂಳೆಯಾಗತೊಡಗಿರುತ್ತವೆ.

ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ರೋಗವನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ನೋಡಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಬರೆದರು. ಧರ್ಮಪುರಿ-ಕೃಷ್ಣಗಿರಿಗಳಿಗೆ ಕಾವೇರಿ ನೀರು ಕೊಡುವ ಹೊಗೇನಕಲ್ ಯೋಜನೆ ಜಪಾನಿನ ಸಾಲದ ನೆರವಿನಿಂದ ಮುಗಿದು ಚಾಲೂ ಆದದ್ದು 2013ರಲ್ಲಿ. ಯೋಜನೆಯ ಅಧಿಕೃತ ಹೆಸರಿನಲ್ಲೇ ಫ್ಲೋರೋಸಿಸ್ ನಿವಾರಣೆ ಎಂಬ ಮಾತಿದೆ. 2008ರಲ್ಲಿ ಬೆಂಗಳೂರಿನಲ್ಲಿ ಆ ಯೋಜನೆಯ ಬಗ್ಗೆ ಎದ್ದ ಗದ್ದಲ ಕನ್ನಡ ಓದುಗರಿಗೆ ನೆನಪಿದ್ದೀತು. ನೀರಿನ ಪಾಲಿನ ಬಗ್ಗೆ ಆಗ ಬಹಳ ಮಾತಾಡಿದೆವು. ಅಂಚೆಟ್ಟಿ, ತಳಿಯ ಕಡೆ ಕನ್ನಡ ಮಾತಾಡುವವರ ಬೆನ್ನುಮೂಳೆಗಳೂ ಆ ಲೆಕ್ಕದಲ್ಲಿದ್ದವು ಎಂಬುದು ಮಾತಿನ ಭರದಲ್ಲಿ ಹಿಂದುಳಿಯಿತು.

ಮೂಳೆ ಕಟ್ಟುವ ಪ್ರೋಟೀನಿನ ಬಗೆಗಿನ ಈ ಬರಹದಲ್ಲಿ ಬೋರ್‌ವೆಲ್ಲಿನ ನೀರಿಗೇನು ಕೆಲಸ? ಇದೆ. ಫ್ಲೋರೈಡ್ ಮೂಳೆಯ ಹರಳಿನೊಳಗೆ ಹೋಗಿ ಕೂರುವುದಷ್ಟೇ ಅಲ್ಲ, ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ ಕೂಡ. ಇದನ್ನು ಕಂಡ ವೈದ್ಯರಿಗೆ ಆಸೆ ಹುಟ್ಟಿತು: ಮುಟ್ಟು ನಿಂತ ಮೇಲೆ ಮೂಳೆ ಸವೆದು ಟೊಳ್ಳಾದ ಹೆಂಗಸರಿಗೆ ಇದನ್ನೇ ಮದ್ದಾಗಿ ಕೊಟ್ಟರೆ? ಅಮೆರಿಕದ ಮೇಯೋ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ ತಂಡ 202 ಮಹಿಳೆಯರ ಮೇಲೆ ನಾಲ್ಕು ವರ್ಷ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್. ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 35ರಷ್ಟು ಏರಿತು. ಸಂಭ್ರಮಿಸಬೇಕಾದ ಅಂಕಿ. ಆದರೆ ಬೆನ್ನುಮೂಳೆ ಮುರಿಯುವುದು ಕಡಿಮೆಯಾಗಲಿಲ್ಲ. ಕೈಕಾಲು, ತೊಡೆಸಂಧಿಯ ಮುರಿತಗಳಂತೂ ಮೂರು ಪಟ್ಟು ಹೆಚ್ಚಾದವು. ಹೊಸ ಮೂಳೆ ಬೆಳೆದಿತ್ತು, ಆದರೆ ಅದರ ಒಳರಚನೆ ಕೆಟ್ಟಿತ್ತು.

ಮೂಳೆಯನ್ನು ಹೇಗಾದರೂ ಬೆಳೆಸುವುದು ಅಷ್ಟು ಕಷ್ಟದ ಕೆಲಸವಲ್ಲ. ಬೇಕಾದ ಜಾಗದಲ್ಲಿ, ಬೇಕಾದಷ್ಟೇ, ಬೇಕಾದಷ್ಟು ದಿನ ಮಾತ್ರ ಬೆಳೆಸುವುದು ಕಷ್ಟ. ಕಳೆದ ಅರವತ್ತು ವರ್ಷಗಳ ಸಂಶೋಧನೆಯನ್ನು ಈ ಒಂದು ಕಷ್ಟದ ಕತೆಯಾಗಿಯೇ ಓದಬಹುದು.

ಈಗ ತದ್ವಿರುದ್ಧ ಸಮಸ್ಯೆಗೆ ಬನ್ನಿ. ಬೆಂಗಳೂರಿನಿಂದ ಹೊಸೂರು, ಶೂಳಗಿರಿ ದಾಟಿ ಕೃಷ್ಣಗಿರಿಗೆ ಇಳಿಯುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರನ್ನು ನೆನೆಯಿರಿ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ, ಅಂದರೆ ಟಿಬಿಯಾ, ಮುಂಭಾಗದಲ್ಲಿ ಬರೀ ಚರ್ಮದ ಹೊದಿಕೆಯಲ್ಲಿರುತ್ತದೆ. ಅಲ್ಲಿ ಮಾಂಸದ ಕಾವಲಿಲ್ಲ. ಆದ್ದರಿಂದ ಮುರಿದಾಗ ಸುಲಭವಾಗಿ ಚರ್ಮ ಸೀಳಿಕೊಂಡು ಹೊರಬರುತ್ತದೆ. ಮಣ್ಣು ಸೇರುತ್ತದೆ, ರಕ್ತನಾಳ ಹರಿಯುತ್ತದೆ, ಚೂರುಗಳು ಸತ್ತುಹೋಗುತ್ತವೆ. ಸತ್ತ ಚೂರನ್ನು ವೈದ್ಯರು ತೆಗೆದುಹಾಕಲೇಬೇಕು. ಉಳಿಯುವುದು ಒಂದು ತೆರವು, ಕೆಲವೊಮ್ಮೆ ನಾಲ್ಕೈದು ಸೆಂಟಿಮೀಟರಿನದು. "ರಾಡ್ ಹಾಕಿದ್ದಾರೆ, ಆದರೆ ಮೂಳೆ ಕೂಡಿಕೊಂಡಿಲ್ಲ" ಎಂದು ವರ್ಷಗಟ್ಟಲೆ ಊರುಗೋಲು ಹಿಡಿದು ಓಡಾಡುವವರು ಈ ತೆರವಿನ ಗಿರಾಕಿಗಳು. ಇಂಥ ಕಾಲನ್ನು ಉಳಿಸಬಹುದೇ, ಕತ್ತರಿಸಬೇಕೇ ಎಂದು ತೀರ್ಮಾನಿಸಲು ಇಂದು ಹಲವು ಕಡೆ ಬಳಸುವ ಅಂಕಪಟ್ಟಿ ರೂಪುಗೊಂಡದ್ದು ತಮಿಳುನಾಡಿನಲ್ಲೇ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಅದನ್ನು ಪ್ರಕಟಿಸಿದರು. ಚರ್ಮ, ಮೂಳೆ, ಸ್ನಾಯು-ನರ, ಜೊತೆಗೆ ರೋಗಿಯ ಇತರ ತೊಂದರೆಗಳು, ಹೀಗೆ ಒಂದೊಂದಕ್ಕೂ ಅಂಕ.

ಈ ಭಾಗದವರಿಗೆ ಮೂಳೆ ಮುರಿದರೆ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ಚಿತ್ತೂರು ಸೀಮೆಯ ಪುತ್ತೂರಿನ ಹೆಸರು ಹೊತ್ತ ಬೋರ್ಡುಗಳು ಹೊಸೂರಿನಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಇದನ್ನು ಪೂರ್ತಿ ಮೂಢನಂಬಿಕೆ ಎಂದು ತಳ್ಳಿಹಾಕುವವರ ಪಕ್ಷ ನಾನಲ್ಲ. ಚರ್ಮ ಹರಿಯದ, ಅಲುಗದೆ ನೇರ ಕೂರುವ ಸರಳ ಮುರಿತವನ್ನು ದಬ್ಬೆಯಿಟ್ಟು ಬಿಗಿದರೆ ಮುಕ್ಕಾಲು ಕೆಲಸ ದೇಹವೇ ಮಾಡಿಕೊಳ್ಳುತ್ತದೆ. ಮುರಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಅದರೊಳಕ್ಕೆ ಕೋಶಗಳು ಬಂದು ಮೆದು ಎಲುಬು ಕಟ್ಟುತ್ತವೆ, ಅದು ಸುಣ್ಣಗಟ್ಟಿ ಗಂಟಾಗುತ್ತದೆ, ಆ ಗಂಟನ್ನು ತಿಂಗಳುಗಟ್ಟಲೆ ಕೆತ್ತಿ ತಿದ್ದಿ ದೇಹ ಹಳೆಯ ಆಕಾರಕ್ಕೆ ತರುತ್ತದೆ. ಗಾಯದ ಗುರುತೇ ಉಳಿಯದಂತೆ ರಿಪೇರಿಯಾಗುವ ಅಂಗಾಂಶ ಮೂಳೆಯ ಹಾಗೆ ಇನ್ನೊಂದು ಸಿಗುವುದು ಅಪರೂಪ. ಆದರೆ ಕೂಡಿಕೊಳ್ಳಲು ಎದುರುಬದುರು ಎರಡು ತುದಿಗಳು ಬೇಕು. ನಡುವೆ ತೆರವಿದ್ದರೆ ಯಾವ ಕಟ್ಟೂ ಕೈಹಿಡಿಯದು. ಹಾಗಾದಾಗ ಶಸ್ತ್ರವೈದ್ಯರು ರೋಗಿಯ ಸೊಂಟದ ಮೂಳೆಯ ಏಣಿನಿಂದ ಚೂರು ಕೆತ್ತಿ ಅಲ್ಲಿ ತುಂಬುತ್ತಾರೆ. ಇದು ಇವತ್ತಿಗೂ ಎಲ್ಲಕ್ಕಿಂತ ನಂಬಿಕಸ್ಥ ವಿಧಾನ. ತೊಂದರೆಯೂ ಇದೆ: ಇನ್ನೊಂದು ಗಾಯ, ಕೆಲವರಿಗೆ ಕಾಲಿಗಿಂತ ಹೆಚ್ಚು ದಿನ ಕಾಡುವ ಸೊಂಟನೋವು, ಮತ್ತು ಸಿಗುವ ಮೂಳೆಯ ಪ್ರಮಾಣಕ್ಕೊಂದು ಮಿತಿ.

ಸೊಂಟದ ಚೂರಿನಲ್ಲಿರುವ ಮರ್ಮವನ್ನು ಸೀಸೆಯಲ್ಲಿ ತುಂಬಲಾಗದೇ ಎಂಬ ಪ್ರಶ್ನೆಗೆ ಮೊದಲ ಸುಳಿವು ಕೊಟ್ಟವನು ಲಾಸ್ ಏಂಜಲೀಸಿನ ಮೂಳೆವೈದ್ಯ ಮಾರ್ಷಲ್ ಯೂರಿಸ್ಟ್. ಆತ ಮೂಳೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಸುಣ್ಣದ ಅಂಶವನ್ನೆಲ್ಲ ಕರಗಿಸಿದ. ಉಳಿದ ಮೆತ್ತನೆಯ ತುಂಡನ್ನು ಪ್ರಾಣಿಯ ಸ್ನಾಯುವಿನೊಳಗೆ ಹೂತ. ಕೆಲವು ವಾರಗಳಲ್ಲಿ ಆ ಮಾಂಸದ ನಡುವೆ, ಮೂಳೆಗೆ ಯಾವ ಸಂಬಂಧವೂ ಇಲ್ಲದ ಜಾಗದಲ್ಲಿ, ಮಜ್ಜೆಸಮೇತ ಹೊಸ ಮೂಳೆ ಎದ್ದಿತು. 1965ರಲ್ಲಿ ಪ್ರಕಟವಾದ ಈ ಪ್ರಯೋಗದ ಅರ್ಥ ಇಷ್ಟು: ಮೂಳೆಯೊಳಗೆ ಅಡಗಿರುವ ಯಾವುದೋ ವಸ್ತು ಸುತ್ತಲಿನ ಸಾಮಾನ್ಯ ಕೋಶಗಳಿಗೆ "ಮೂಳೆಯಾಗು" ಎಂದು ಹೇಳಬಲ್ಲದು. ಮುಂದೆ ಅದಕ್ಕೆ ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್, ಚಿಕ್ಕದಾಗಿ ಬಿಎಂಪಿ, ಎಂಬ ಹೆಸರು ನಿಂತಿತು.

ನನ್ನ ದೃಷ್ಟಿಯಲ್ಲಿ ಇಡೀ ಕತೆಯ ತಿರುಳು ಇರುವುದು 1981ರ ಇನ್ನೊಂದು ಪ್ರಯೋಗದಲ್ಲಿ. ಯೂರಿಸ್ಟ್‌ಗೆ ಸಿಕ್ಕಷ್ಟು ಹೆಸರು ಅದಕ್ಕೆ ಸಿಗಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ದಂತವಿಭಾಗದಲ್ಲಿ ಅದನ್ನು ಮಾಡಿದವರು ಭಾರತದಿಂದ ಹೋದ ಇಬ್ಬರು: ಎ. ಹರಿ ರೆಡ್ಡಿ ಮತ್ತು ಟಿ. ಕುಬೇರ ಸಂಪತ್. ಸುಣ್ಣ ತೆಗೆದ ಮೂಳೆಪುಡಿಯನ್ನು ಅವರು ಪ್ರಬಲ ದ್ರಾವಕದಲ್ಲಿ ನೆನೆಸಿ ಎರಡು ಪಾಲು ಮಾಡಿದರು. ಕರಗಿ ಬಂದದ್ದು ಪ್ರೋಟೀನಿನ ರಸ. ಕರಗದೆ ತಳದಲ್ಲಿ ಉಳಿದದ್ದು ಹೆಚ್ಚಾಗಿ ಕೊಲಾಜನ್ ಎಂಬ ನಾರು. ಇಲಿಯ ಚರ್ಮದಡಿ ಬರೀ ರಸ ಇಟ್ಟರೆ ಮೂಳೆ ಹುಟ್ಟಲಿಲ್ಲ. ಬರೀ ನಾರು ಇಟ್ಟರೂ ಹುಟ್ಟಲಿಲ್ಲ. ಎರಡನ್ನೂ ಮತ್ತೆ ಬೆರೆಸಿ ಇಟ್ಟಾಗ ಹುಟ್ಟಿತು. ಪ್ರೋಟೀನು ಎಷ್ಟೇ ಸಮರ್ಥವಾಗಿರಲಿ, ಅದಕ್ಕೆ ಅಂಟಿಕೊಂಡು ನಿಲ್ಲಲು ಒಂದು ಹಂದರ ಬೇಕು. ಈ ಎಚ್ಚರಿಕೆಯನ್ನು ಉದ್ಯಮ ಅರ್ಧ ಮಾತ್ರ ಕೇಳಿಸಿಕೊಂಡಿತು.

ಆ ನಾರಿನ ರಚನೆ ಬಿಡಿಸಿದ್ದು ನಮ್ಮ ನೆರೆಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋದ ಜಿ. ಎನ್. ರಾಮಚಂದ್ರನ್, ಗೋಪಿನಾಥ ಕರ್ತ ಅವರ ಜೊತೆ ಸೇರಿ ಮದ್ರಾಸಿನ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ನಾರು ಪಡೆದು ಎಕ್ಸ್‌ರೇ ಹಾಯಿಸಿದರು. ಕೊಲಾಜನ್ ಎಂದರೆ ಒಂದಕ್ಕೊಂದು ಹೊಸೆದುಕೊಂಡ ಮೂರು ಎಳೆಗಳು ಎಂದು 1954-55ರಲ್ಲಿ ತೋರಿಸಿದರು. 1971ರಲ್ಲಿ ಬೆಂಗಳೂರಿಗೆ ಮರಳಿ ಅಲ್ಲಿ ಅಣುಜೀವಭೌತ ವಿಭಾಗ ಕಟ್ಟಿದರು.

1988ರಲ್ಲಿ ಜಾನ್ ವೋಜ್ನಿ ತಂಡ ಬಿಎಂಪಿಗಳ ಜೀನುಗಳನ್ನು ಹಿಡಿಯಿತು. ಜೀನು ಸಿಕ್ಕ ಮೇಲೆ ಮೂಳೆ ಅರೆಯುವ ಕೆಲಸವಿಲ್ಲ. ಕಾರ್ಖಾನೆಯ ತೊಟ್ಟಿಯಲ್ಲಿ ಬೆಳೆಸಿದ ಕೋಶಗಳೇ ಮಾನವ ಪ್ರೋಟೀನು ತಯಾರಿಸುತ್ತವೆ. ಹೊಸೂರು ರಸ್ತೆಯ ಬಯೋಕಾನ್ 2004ರಿಂದ ಯೀಸ್ಟಿನಲ್ಲಿ ಮಾನವ ಇನ್ಸುಲಿನ್ ತಯಾರಿಸಿ ಮಾರುತ್ತಿರುವುದು ಇದೇ ಜಾತಿಯ ವಿದ್ಯೆ. ಬಿಎಂಪಿಗಳಲ್ಲೊಂದಾದ ಬಿಎಂಪಿ-2 ಇನ್ನಷ್ಟು ಹಟಮಾರಿ. 114 ಅಮೈನೋ ಆಮ್ಲಗಳ ಎರಡು ಸರಪಳಿ ಜೋಡಿಯಾಗಬೇಕು, ಒಳಗಿನ ಗಂಧಕದ ಗಂಟುಗಳು ಸರಿಯಾದ ಜಾಗದಲ್ಲೇ ಬೀಳಬೇಕು. ಮಾರುಕಟ್ಟೆಗೆ ಬಂದ ಬಿಎಂಪಿ-2 ಅನ್ನು ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದ ಕೋಶಗಳಲ್ಲಿ ತಯಾರಿಸಿದರು.

2002ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಮೆಡ್‌ಟ್ರಾನಿಕ್ ಕಂಪನಿಯ ಇನ್‌ಫ್ಯೂಸ್: ದನದ ಕೊಲಾಜನ್ನಿನ ಸ್ಪಂಜು, ಅದರ ಮೇಲೆ ಸುರಿಯುವ ಬಿಎಂಪಿ-2 ದ್ರವ. ಬೆನ್ನುಮೂಳೆ ಬೆಸೆಯಲು ಮೊದಲು, 2004ರಲ್ಲಿ ಚರ್ಮ ಹರಿದ ಟಿಬಿಯಾ ಮುರಿತಕ್ಕೂ ಅನುಮತಿ ಬಂತು. ಟಿಬಿಯಾದ ಪರೀಕ್ಷೆ ನಿಜಕ್ಕೂ ದೊಡ್ಡದು. 450 ರೋಗಿಗಳು, ವರದಿಯ ಮೊದಲ ಲೇಖಕ ದಕ್ಷಿಣ ಆಫ್ರಿಕದ ಡರ್ಬನ್‌ನ ಎಸ್. ಗೋವೆಂದರ್. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಮತ್ತೆ ಆಪರೇಷನ್ ಮಾಡಬೇಕಾಗಿ ಬರುವ ಅಪಾಯ ಶೇಕಡಾ 44ರಷ್ಟು ತಗ್ಗಿತ್ತು.

ಎಡವಟ್ಟಾದದ್ದು ಪ್ರಮಾಣದಲ್ಲಿ. ಸ್ಪಂಜಿಗೆ ಈ ಪ್ರೋಟೀನನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಇಲ್ಲ. ಸುರಿದದ್ದರಲ್ಲಿ ಹೆಚ್ಚಿನ ಪಾಲು ಬೇಗನೆ ಸೋರಿಹೋಗುತ್ತದೆ. ಸೋರಿ ಉಳಿದದ್ದು ಸಾಕಾಗಲೆಂದು ಮೊದಲೇ ಹೆಚ್ಚು ಸುರಿದರು. ದೇಹ ನ್ಯಾನೋಗ್ರಾಂ ಲೆಕ್ಕದಲ್ಲಿ ಬಳಸುವ ವಸ್ತುವನ್ನು ದೊಡ್ಡ ಕಿಟ್ಟಿನಲ್ಲಿ 12 ಮಿಲಿಗ್ರಾಂ ಕೊಟ್ಟರು. ಒಂದು ಮಿಲಿಗ್ರಾಂ ಅಂದರೆ ಹತ್ತು ಲಕ್ಷ ನ್ಯಾನೋಗ್ರಾಂ. ಸೋರಿದ್ದು ಸುಮ್ಮನಿರುವುದಿಲ್ಲ, ಹೋದಲ್ಲೆಲ್ಲ ಅದೇ ಮಾತು ಹೇಳುತ್ತದೆ: ಮೂಳೆಯಾಗು. ನರದ ಪಕ್ಕ ಬೇಡದ ಮೂಳೆ ಬೆಳೆಯಿತು. ಪರವಾನಗಿ ಇಲ್ಲದ ಕತ್ತಿನ ಆಪರೇಷನ್‌ಗಳಲ್ಲಿ ಬಳಸಿದಾಗ ಗಂಟಲು ಬಾತು ಉಸಿರಿಗೇ ಕುತ್ತು ಬಂದ ಪ್ರಕರಣಗಳಾದವು. 2008ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತು. 2011ರಲ್ಲಿ ಬೆನ್ನುಮೂಳೆ ತಜ್ಞ ಯೂಜೀನ್ ಕರಾಗೀ ಮತ್ತು ಸಂಗಡಿಗರು, ಕಂಪನಿ ಪ್ರಾಯೋಜಿತ ಮೊದಲ ವರದಿಗಳಿಗಿಂತ ಅಡ್ಡಪರಿಣಾಮ 10ರಿಂದ 50 ಪಟ್ಟು ಹೆಚ್ಚಿದೆ ಎಂದು ಬರೆದರು. 2013ರಲ್ಲಿ ಯೇಲ್ ವಿಶ್ವವಿದ್ಯಾಲಯ ಏರ್ಪಡಿಸಿದ ಎರಡು ಸ್ವತಂತ್ರ ಪರಿಶೀಲನೆಗಳೂ ಬೆನ್ನುಮೂಳೆ ಬೆಸೆಯುವಲ್ಲಿ ಸೊಂಟದ ಚೂರಿಗಿಂತ ಇದು ಎದ್ದುಕಾಣುವಷ್ಟು ಮೇಲೇನಲ್ಲ ಎಂದವು. ಬೋರ್‌ವೆಲ್ಲಿನ ಫ್ಲೋರೈಡ್ ಮಾಡಿದ ತಪ್ಪನ್ನೇ ದುಬಾರಿ ಬೆಲೆಗೆ ಮತ್ತೊಮ್ಮೆ ಮಾಡಿದಂತಾಯಿತು.

ಹೀಗಾಗಿ ಸಂಶೋಧಕರು ಪ್ರೋಟೀನನ್ನೇ ತಿದ್ದಲು ಹೊರಟರು. ಸ್ವಿಟ್ಸರ್ಲೆಂಡಿನ ಲೊಸಾನ್‌ನಲ್ಲಿ ಜೆಫ್ರಿ ಹಬೆಲ್ ಪ್ರಯೋಗಾಲಯದ ಮಿಕಾಯೆಲ್ ಮಾರ್ಟಿನೋ ಮತ್ತು ಪ್ರಿಸಿಲ್ಲಾ ಬ್ರಿಕೆ ಕೇಳಿದ ಪ್ರಶ್ನೆ ಸರಳ. ನಮ್ಮ ದೇಹದ ಬೆಳವಣಿಗೆಯ ಪ್ರೋಟೀನುಗಳಲ್ಲಿ ಸುತ್ತಲಿನ ನಾರಿಗೆ ಅತಿ ಬಿಗಿಯಾಗಿ ಅಂಟುವುದು ಯಾವುದು? ಇಪ್ಪತ್ತಕ್ಕೂ ಹೆಚ್ಚು ಪ್ರೋಟೀನುಗಳನ್ನು ಕೊಲಾಜನ್, ಫೈಬ್ರಿನೋಜನ್, ಫೈಬ್ರೊನೆಕ್ಟಿನ್ ಮುಂತಾದ ನಾರುಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿದರು. ಗೆದ್ದದ್ದು ಯಾರೂ ನಿರೀಕ್ಷಿಸದ ಒಂದು, ಗರ್ಭದ ಮಾಸಿನಿಂದ ಹೆಸರು ಪಡೆದ ಪಿಎಲ್‌ಜಿಎಫ್-2. ಅದರ ಅಂಟಿನ ಗುಣವೆಲ್ಲ 123ರಿಂದ 144ನೇ ಅಮೈನೋ ಆಮ್ಲದವರೆಗಿನ 22ರ ಒಂದು ತುಣುಕಿನಲ್ಲಿದೆ ಎಂದು ಕಂಡುಕೊಂಡರು. ಮುಂದಿನ ಹೆಜ್ಜೆ ಕೃಷ್ಣಗಿರಿಯ ಮಾವಿನ ನರ್ಸರಿಯವರಿಗೆ ವಿವರಿಸಬೇಕಾಗಿಲ್ಲ: ಬೇರು ಗಟ್ಟಿ ಇರುವ ನಾಟಿ ಗಿಡಕ್ಕೆ ಹಣ್ಣು ರುಚಿ ಇರುವ ಮಲ್ಗೋವದ ಕಡ್ಡಿ ಕಸಿ ಕಟ್ಟುವುದು. ಹಿಡಿದುಕೊಳ್ಳುವ ಗುಣ ಒಂದರದು, ಫಲ ಇನ್ನೊಂದರದು. ಅವರು ಕಸಿ ಕಟ್ಟಿದ್ದು ಜೀನಿನ ಮಟ್ಟದಲ್ಲಿ. 22ರ ತುಣುಕಿನ ಸಂಕೇತವನ್ನು ಬಿಎಂಪಿ-2ರ ಜೀನಿಗೆ ಹೊಲಿದರೆ, ಕೋಶ ಇಡೀ ಪ್ರೋಟೀನನ್ನು ಒಂದೇ ಸರಪಳಿಯಾಗಿ ಹೆಣೆದು ಕೊಡುತ್ತದೆ. ರಕ್ತನಾಳ ಬೆಳೆಸುವ ವಿಇಜಿಎಫ್‌ಗೂ, ಕೋಶಗಳನ್ನು ಕರೆತರುವ ಪಿಡಿಜಿಎಫ್‌ಗೂ ಹಾಗೆಯೇ ಮಾಡಿದರು.

2014ರಲ್ಲಿ ಬಂದ ಅವರ ವರದಿಯ ಪ್ರಕಾರ, ಇಲಿಯ ತಲೆಬುರುಡೆಯಲ್ಲಿ ತಾನಾಗಿ ಮುಚ್ಚಿಕೊಳ್ಳಲಾರದಷ್ಟು ದೊಡ್ಡ ತೂತು ಮಾಡಿ, ತಿದ್ದಿದ ಬಿಎಂಪಿ-2 ಮತ್ತು ಪಿಡಿಜಿಎಫ್‌ಗಳನ್ನು ಅತಿ ಕಡಿಮೆ ಪ್ರಮಾಣದಲ್ಲಿ ಇಟ್ಟಾಗ ಮೂಳೆ ಚೆನ್ನಾಗಿ ಬೆಳೆಯಿತು. ತಿದ್ದದ ಪ್ರೋಟೀನುಗಳು ಅದೇ ಪ್ರಮಾಣದಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ವಿಇಜಿಎಫ್ ವಿಷಯದಲ್ಲಿ ಇನ್ನೊಂದು ಲಾಭ ಕಂಡಿತು. ಮಾಮೂಲಿ ವಿಇಜಿಎಫ್ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಅಂಟಿ ಕೂತ ವಿಇಜಿಎಫ್‌ನಿಂದ ಆ ತೊಂದರೆ ಕಡಿಮೆ. 1981ರಲ್ಲಿ ರೆಡ್ಡಿ-ಸಂಪತ್ ಕಂಡ ಸತ್ಯವನ್ನು ಕೊನೆಗೆ ಪ್ರೋಟೀನಿನ ಒಡಲಿಗೇ ಬರೆದಂತಾಯಿತು.

ಇನ್ನೊಂದು ದಾರಿಯೂ ಇದೆ. ಎಲ್ಲಿ ಬಿಎಂಪಿ ಹೆಚ್ಚಾಗುತ್ತದೋ ಅಲ್ಲಿ ದೇಹ ನಾಗಿನ್ ಎಂಬ ಪ್ರೋಟೀನನ್ನು ಕಳಿಸಿ ಅದರ ಬಾಯಿ ಕಟ್ಟುತ್ತದೆ. ಕಡಿವಾಣ ಬೇಕೇ ಬೇಕು. ಬಿಎಂಪಿಯ ಸಂದೇಶ ಪಡೆಯುವ ಗ್ರಾಹಕದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದ ನತದೃಷ್ಟರಲ್ಲಿ ಸ್ನಾಯುಗಳೇ ಮೂಳೆಯಾಗುತ್ತ ಹೋಗುತ್ತವೆ ಎಂದು 2006ರಲ್ಲಿ ಗೊತ್ತಾಗಿದೆ. ಆದರೆ ಟಿಬಿಯಾದ ತೆರವಿನಲ್ಲಿ ಕೆಲ ವಾರಗಳ ಮಟ್ಟಿಗೆ ನಾಗಿನ್‌ಗೆ ಸಿಗದೆ ಕೆಲಸ ಮಾಡುವ ಪ್ರೋಟೀನು ಇದ್ದರೆ ಅನುಕೂಲ. ಬಿಎಂಪಿ-2, ಬಿಎಂಪಿ-6 ಮತ್ತು ಆಕ್ಟಿವಿನ್-ಎ ಮೂರರ ತುಣುಕುಗಳನ್ನು ಜೋಡಿಸಿ ಕಟ್ಟಿದ ಬಿವಿ-265 ಆ ಜಾತಿಯದು. ಅದನ್ನು ಸುಣ್ಣದ ಫಾಸ್ಫೇಟ್ ಕಣಗಳು ಬೆರೆತ ಕೊಲಾಜನ್ ಹಂದರದಲ್ಲಿಟ್ಟು ಮಂಗಗಳಲ್ಲಿ ಪರೀಕ್ಷಿಸಿದ ವರದಿ 2019ರಲ್ಲಿ ಬಂತು. ಕಡಿಮೆ ಪ್ರಮಾಣದಲ್ಲೇ ಅದು ಬಿಎಂಪಿ-2 ಅನ್ನು ಮೀರಿಸಿತು. ಆ ವರದಿಯ ಲೇಖಕರಲ್ಲಿ 1988ರ ವೋಜ್ನಿಯೂ ಒಬ್ಬರು. ತಾನೇ ಹುಡುಕಿದ್ದನ್ನು ಮೂವತ್ತು ವರ್ಷದ ನಂತರ ತಾನೇ ತಿದ್ದಲು ಕೂರುವ ವಿಜ್ಞಾನಿಗಳು ಹೆಚ್ಚಿಲ್ಲ.

ಪ್ರೋಟೀನನ್ನು ಮುಟ್ಟದೆ ಹಂದರವನ್ನೇ ಅಂಟಾಗಿಸುವವರೂ ಇದ್ದಾರೆ. ಗ್ಲಾಸ್ಗೋದ ಮ್ಯಾನುಯೆಲ್ ಸಾಲ್ಮೆರಾನ್-ಸಾಂಚೆಜ್ ಮತ್ತು ಮ್ಯಾಥ್ಯೂ ಡಾಲ್ಬಿ ಒಂದು ಪಾಲಿಮರಿನ ತೆಳು ಲೇಪ ಹಚ್ಚಿದರು. ಅದರ ಮೇಲೆ ಫೈಬ್ರೊನೆಕ್ಟಿನ್ ಬಿಚ್ಚಿಕೊಂಡು ಬಿಎಂಪಿ-2 ಅನ್ನು ತಾನೇ ಹಿಡಿದಿಡುತ್ತದೆ. ಕಾರಿಗೆ ಸಿಕ್ಕಿ ಮುಂಗಾಲು ಕತ್ತರಿಸಬೇಕಾಗಿದ್ದ ಈವಾ ಎಂಬ ನಾಯಿಯ ಕಾಲನ್ನು ಅಲ್ಲಿನ ಪಶುವೈದ್ಯರು ಈ ಲೇಪದ ಮೂಳೆಚೂರುಗಳಿಂದ ಉಳಿಸಿದರು. ಈ ಸಂಶೋಧನೆಗೆ ಹಣ ಕೊಟ್ಟದ್ದು ನೆಲಬಾಂಬುಗಳ ಹಾವಳಿಯ ವಿರುದ್ಧ ಫುಟ್‌ಬಾಲ್ ಆಟಗಾರ ಬಾಬಿ ಚಾರ್ಲ್‌ಟನ್ ಸ್ಥಾಪಿಸಿದ ದತ್ತಿ.

ನಮ್ಮಲ್ಲಿ ಹಂದರದ ಕೆಲಸ ಚೆನ್ನಾಗಿಯೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು, ಕೌಶಿಕ್ ಚಟರ್ಜಿ ಅವರ ತಂಡಗಳು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೂಳೆಗೆ ಹೊಂದುವ ಪಿಂಗಾಣಿ ಮತ್ತು ಪಾಲಿಮರುಗಳ ಮೇಲೆ ದುಡಿದಿವೆ. ತೂತುಗಳು ಕೋಶ ಮತ್ತು ರಕ್ತನಾಳ ನುಗ್ಗುವಷ್ಟು ಅಗಲವಿರಬೇಕು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅರ್ಧದವರೆಗೆ. ಹಾಗೆಂದು ನಡೆದಾಗ ಪುಡಿಯಾಗಬಾರದು. ಹೊಸ ಮೂಳೆ ಬಂದಂತೆ ಹಂದರ ಕರಗಬೇಕು, ಮೊದಲೇ ಕರಗಬಾರದು. ನನ್ನ ಅನಿಸಿಕೆಯಲ್ಲಿ ಭಾರತಕ್ಕೆ ಸರಿಯಾದ ದಾರಿ ಇಂಥ ಹಂದರ ಮತ್ತು ತಿದ್ದಿದ ಪ್ರೋಟೀನು ಎರಡನ್ನೂ ಬೆಸೆಯುವುದೇ. ಪ್ರೋಟೀನಿನ ಪ್ರಮಾಣ ಸಾವಿರಪಾಲು ಇಳಿದರೆ ಬೆಲೆಯೂ ಇಳಿಯುತ್ತದೆ. ಸಾವಿರಾರು ಡಾಲರಿನ ಕಿಟ್ಟನ್ನು ಸರ್ಕಾರಿ ಆಸ್ಪತ್ರೆಯ ಹಾಸಿಗೆಗೆ ತರುವ ಮಾತು ಆಗ ಮಾತ್ರ ಅರ್ಥಪೂರ್ಣ.

ಇಷ್ಟೆಲ್ಲ ಹೇಳಿದ ಮೇಲೆ ಓದುಗರಿಗೆ ಒಂದು ಮಾತು. ನಾನಿಲ್ಲಿ ಹೇಳಿದ ತಿದ್ದಿದ ಪ್ರೋಟೀನುಗಳ ಸಾಕ್ಷ್ಯ ಇಲಿ ಮತ್ತು ಮಂಗಗಳದ್ದು, ಮನುಷ್ಯನ ಕಾಲಿನದಲ್ಲ. ನಿಮ್ಮ ಮನೆಯವರ ಮೂಳೆ ಕೂಡಿಕೊಂಡಿಲ್ಲವೆಂದರೆ ಮೊದಲು ಬೀಡಿ-ಸಿಗರೇಟು ಬಿಡಿಸಿ, ಸಕ್ಕರೆ ಕಾಯಿಲೆ ಹದ್ದುಬಸ್ತಿಗೆ ತನ್ನಿ. ಇವೆರಡೂ ಮೂಳೆ ಕೂಡುವುದನ್ನು ನಿಧಾನಿಸುತ್ತವೆ. ಸೊಂಟದ ಮೂಳೆ ತೆಗೆದು ಹಾಕೋಣ ಎಂದು ವೈದ್ಯರು ಹೇಳಿದರೆ ಅದನ್ನು ಹಳೆಯ ಪದ್ಧತಿ ಎಂದು ತಳ್ಳಬೇಡಿ. ಯಾರಾದರೂ ಮೂಳೆ ಬೆಳೆಸುವ ಪ್ರೋಟೀನ್ ಹಾಕುತ್ತೇವೆ ಎಂದರೆ ಮೂರು ಪ್ರಶ್ನೆ ಕೇಳಿ: ಯಾವ ಪ್ರೋಟೀನು, ಎಷ್ಟು ಮಿಲಿಗ್ರಾಂ, ಮತ್ತು ಅದು ಇಟ್ಟ ಜಾಗದಲ್ಲೇ ನಿಲ್ಲುವಂತೆ ಹಿಡಿದಿಡುವುದು ಏನು?